ಚಿಟುಕಿಗೆ ನೀರು ಕೊಡಿ

ಬೆಳಿಗ್ಗೆ ಎದ್ದ ಕೂಡಲೇ ಟೈಲರಮ್ಮ ಮುಂದಿನ ಕೋಣೆಯ ನೆಲದ ಮೇಲೆ ಅಯಸ್ಕಾಂತ ಎಳೆದಾಡುತ್ತಾಳೆ. ಹಿಂದಿನ ದಿನ ಹೊಲಿಯುವಾಗ ಬಿದ್ದ ಗುಂಡುಸೂಜಿ, ಮುರಿದ ಸೂಜಿಯ ಮೊನೆ ಎಲ್ಲ ಅದಕ್ಕೆ ಅಂಟಿಕೊಂಡ ಮೇಲೆಯೇ ಪೊರಕೆ. ಮಗು ಬರಿಗಾಲಲ್ಲಿ ಓಡಾಡುವ ಮನೆ, ಚುಚ್ಚಿದರೆ ಕಷ್ಟ. ಆ ದಿನವೂ ಅವಳು ಹೊಲಿಗೆ ಮಿಷನ್ನಿನ ಕೆಳಗೆ ಕೈಚಾಚಿ ಕೂತಿದ್ದಳು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕೂಗು ಕೇಳಿಸಿತು.

"ಅಮ್ಮಾ... ಕಾಲು..."

ಅಯಸ್ಕಾಂತ ಅಲ್ಲೇ ಬಿತ್ತು.

ಅಡುಗೆಮನೆಯಲ್ಲಿದ್ದ ಅತ್ತೆ ತಲೆ ಹೊರಗೆ ಹಾಕಿದರು. "ಶುರುವಾಯ್ತು ನೋಡು. ಸ್ಕೂಲಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಕಾಲು ನೋಯುತ್ತೆ. ಈ ಮನೆಗೆ ಗಡಿಯಾರ ಯಾಕೆ ಬೇಕು? ನಿನ್ನ ಮಗಳ ಕಾಲಿದ್ರೆ ಸಾಕು."

ಮಗಳನ್ನು ಎಲ್ಲರೂ ಕರೆಯುವುದು ಚಿಟುಕಿ ಎಂದು. ಹುಟ್ಟಿದಾಗ ಚಿಟಿಕೆಯಷ್ಟಿದ್ದಳಂತೆ, ಅಜ್ಜಿಯೇ ಇಟ್ಟ ಹೆಸರು. ಈಗ ಒಂಬತ್ತು ತುಂಬಿದೆ, ಆದರೆ ಬೀದಿಯ ಏಳು ವರ್ಷದ ಮಕ್ಕಳ ಪಕ್ಕ ನಿಂತರೆ ಅವರೇ ಅಕ್ಕಂದಿರಂತೆ ಕಾಣುತ್ತಾರೆ.

ಚಿಟುಕಿ ಹಾಸಿಗೆಯಲ್ಲಿ ಮುದುಡಿಕೊಂಡಿದ್ದಳು. ಎರಡೂ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹಾಸಿಗೆ ಒದ್ದೆಯಾಗಿತ್ತು. ಅಮ್ಮನನ್ನು ಕಂಡವಳೇ ನೋವಿನ ನಡುವೆಯೂ ಮೊದಲು ಹೇಳಿದ್ದು ಬೇರೆ ಮಾತು.

"ನಾನು ನೀರು ಕುಡಿದಿಲ್ಲಮ್ಮ. ನಿಜವಾಗ್ಲೂ ಕುಡಿದಿಲ್ಲ. ಆದ್ರೂ ಹೀಗಾಯ್ತು."

ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು.

ಇದು ಇಂದು ನಿನ್ನೆಯ ಕಥೆಯಲ್ಲ. ಕೂಸಾಗಿದ್ದಾಗಲೇ ಚಿಟುಕಿಯ ಬೆರಳುಗಳು ಊದಿಕೊಳ್ಳುತ್ತಿದ್ದವು. ಹಲ್ಲು ಬರುವ ಹೊತ್ತು, ಹಾಗೇ ಆಗುತ್ತೆ ಎಂದರು. ಆಮೇಲೆ ಕೈ, ಕಾಲು, ಬೆನ್ನು. ಬೆಳೆಯುವ ಮಕ್ಕಳ ನೋವು ಎಂದರು. ಕಣ್ಣು ಹಳದಿ ಬಣ್ಣಕ್ಕೆ ತಿರುಗಿದಾಗ ಬಿಸಿಲು ಎಂದರು. ರಕ್ತ ಕಡಿಮೆ ಎಂದು ಯಾರೋ ಹೇಳಿದ್ದಕ್ಕೆ ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಬಾಟಲಿಗಟ್ಟಲೆ ಕುಡಿಸಿದ್ದಾಯಿತು. ಹಾಸಿಗೆ ಒದ್ದೆ ಮಾಡುವುದು ಒಂಬತ್ತಾದರೂ ನಿಲ್ಲದಿದ್ದಾಗ ಟೈಲರಮ್ಮ ತನಗೆ ತೋಚಿದ ಮದ್ದು ಮಾಡಿದ್ದಳು. ಸಂಜೆ ಮನೆಯಲ್ಲಿ ಲೈಟು ಹಾಕಿದ ಮೇಲೆ ಚಿಟುಕಿಗೆ ನೀರಿಲ್ಲ. ಹುಡುಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸ್ಕೂಲಿನಲ್ಲೂ ಕುಡಿಯುವುದನ್ನು ಬಿಟ್ಟಿದ್ದಳು.

ಎದುರುಮನೆಯಾಕೆ ಕೂಗು ಕೇಳಿ ಬಾಗಿಲಿಗೆ ಬಂದಳು. ಯಾರ ಮನೆಯಲ್ಲಿ ತಟ್ಟೆ ಬಿದ್ದರೂ ಅವಳಿಗೆ ಗೊತ್ತಾಗಬೇಕು.

"ಊದಿಕೊಂಡಿದೆಯಲ್ಲೇ! ತಣ್ಣೀರು ಬಟ್ಟೆ ಕಟ್ಟು. ಹತ್ತು ನಿಮಿಷದಲ್ಲಿ ಇಳಿಯುತ್ತೆ."

ಟೈಲರಮ್ಮ ತಣ್ಣೀರಲ್ಲಿ ಬಟ್ಟೆ ಅದ್ದಿ ಮಗಳ ಕಾಲಿಗೆ ಸುತ್ತಿದಳು. ಚಿಟುಕಿ ಕಿರುಚಿದ ಸದ್ದಿಗೆ ಅತ್ತೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅದು ಸ್ಕೂಲು ತಪ್ಪಿಸಿಕೊಳ್ಳುವ ಮಕ್ಕಳ ಕೂಗಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಆ ಕ್ಷಣದಲ್ಲಿ ತಿಳಿಯಿತು. ಅತ್ತೆಗೂ ತಿಳಿಯಿತು.

ಅದೇ ಹೊತ್ತಿಗೆ ಆಸ್ಪತ್ರೆಯ ನರ್ಸಕ್ಕ ಬಂದಳು. ಸಡಿಲವಾದ ತನ್ನ ಬಿಳಿ ಕೋಟನ್ನು ಹೊಲಿದು ಬಿಗಿ ಮಾಡಲು ಕೊಟ್ಟಿದ್ದಳು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಅದನ್ನು ತೆಗೆದುಕೊಂಡು ಹೋಗಲು ಬಂದಿದ್ದಳು. ಕೋಟಿನ ಮಾತು ಬಾಯಿಂದ ಹೊರಡುವ ಮೊದಲೇ ಅವಳು ಒಳಗಿನ ಕೋಣೆಯಲ್ಲಿದ್ದಳು. ಚಿಟುಕಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ಹಣೆ ಮುಟ್ಟಿದಳು.

"ಮೊದಲು ಈ ತಣ್ಣೀರು ಬಟ್ಟೆ ತೆಗೀರಿ. ಬೆಚ್ಚಗೆ ಹೊದಿಸಿ. ಹಿಂದೆ ಯಾವಾಗಾದ್ರೂ ಹೀಗಾಗಿತ್ತಾ?"

"ಆಗ್ತಾನೇ ಇರುತ್ತಕ್ಕ."

"ರಕ್ತ ಪರೀಕ್ಷೆ ಮಾಡಿಸಿದೀರಾ?"

"ರಕ್ತ ಕಡಿಮೆ ಇದೆ ಅಂದಿದ್ರು. ಟಾನಿಕ್ ಕೊಟ್ವಿ."

ನರ್ಸಕ್ಕ ಇನ್ನೇನೂ ಕೇಳಲಿಲ್ಲ. "ಗಾಡಿ ಯಾವುದಿದೆ? ಈಗಲೇ ಹೊರಡಬೇಕು" ಎಂದಳು. ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. ಗಾಬರಿ ಇಲ್ಲದಿದ್ದುದೇ ಟೈಲರಮ್ಮನ ಎದೆಯನ್ನು ಝಲ್ಲೆನಿಸಿತು.

ಚಿಟುಕಿಯ ಅಪ್ಪ ಬೇಕರಿಯ ವ್ಯಾನು ಓಡಿಸುವವನು. ಬೆಳಗಿನ ಬ್ರೆಡ್ಡು ಹಂಚುವುದನ್ನು ಅರ್ಧಕ್ಕೇ ಬಿಟ್ಟು ಬಂದ. ಸೀಟಿನ ಹಿಂದೆ ಬ್ರೆಡ್ಡಿನ ಟ್ರೇಗಳನ್ನು ಸರಿಸಿ ಜಾಗ ಮಾಡಿದರು. ಬಿಸಿ ಬ್ರೆಡ್ಡಿನ ಘಮದ ನಡುವೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಟೈಲರಮ್ಮ ಕೂತಳು. ವ್ಯಾನು ಪ್ರತಿ ಗುಂಡಿಗೆ ಇಳಿದಾಗಲೂ ಚಿಟುಕಿ ಅಮ್ಮನ ಸೆರಗನ್ನು ಹಲ್ಲಲ್ಲಿ ಕಚ್ಚುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತರೆ ಇನ್ನೂ ನೋಯುತ್ತಿತ್ತು.

*

ಆಸ್ಪತ್ರೆಯಲ್ಲಿ ನೋವಿಗೆ ಔಷಧಿ ಕೊಟ್ಟರು, ಡ್ರಿಪ್ ಹಾಕಿದರು, ರಕ್ತ ತೆಗೆದುಕೊಂಡರು. ಮೊದಲು ಒಂದು ಪರೀಕ್ಷೆ, ಆಮೇಲೆ ಅದನ್ನು ಖಚಿತಪಡಿಸಲು ಇನ್ನೊಂದು. ಕೊನೆಗೆ ಡಾಕ್ಟರು ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಸಿಕಲ್ ಸೆಲ್ ಕಾಯಿಲೆ. ಹುಟ್ಟಿನಿಂದಲೇ ಬಂದದ್ದು. ಚಿಕಿತ್ಸೆ ಇದೆ, ದಿನವೂ ಔಷಧಿ ತೆಗೆದುಕೊಳ್ಳಬೇಕು, ನಿಯಮಿತವಾಗಿ ತೋರಿಸಬೇಕು.

ಟೈಲರಮ್ಮನಿಗೆ "ಹುಟ್ಟಿನಿಂದಲೇ" ಎಂಬ ಒಂದು ಪದ ಮಾತ್ರ ಕೇಳಿಸಿತು. ಉಳಿದದ್ದೆಲ್ಲ ನೀರಿನೊಳಗೆ ಮುಳುಗಿದವಳ ಕಿವಿಗೆ ಬಿದ್ದ ಮಾತಿನಂತಾಯಿತು. ವಾರ್ಡಿಗೆ ವಾಪಸು ಬಂದು ಮಗಳ ಮಂಚದ ಪಕ್ಕ ನೆಲದಲ್ಲೇ ಕುಸಿದಳು.

ಪಕ್ಕದ ಮಂಚದಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ಕಾಲು ನೀಡಿ ಕೂತಿದ್ದಳು. ಅರ್ಧ ತಲೆ ನರೆತಿತ್ತು. ಪಕ್ಕದಲ್ಲಿ ದೊಡ್ಡ ನೀರಿನ ಬಾಟಲಿ.

"ಯಾಕಮ್ಮ ಹೀಗೆ ಕೂತಿದ್ದೀಯ? ಮಗೂಗೆ ಏನಂತೆ?"

ಟೈಲರಮ್ಮ ಆ ಹೆಸರನ್ನು ತೊದಲುತ್ತ ಹೇಳಿದಳು.

"ಅಯ್ಯೋ, ಅದಾ! ನನಗೂ ಅದೇ."

ಟೈಲರಮ್ಮ ತಲೆಯೆತ್ತಿದಳು. ಆ ನರೆತ ಕೂದಲನ್ನು ಮೊದಲ ಸಲವೆಂಬಂತೆ ನೋಡಿದಳು.

"ಏನು ಹಾಗೆ ನೋಡ್ತೀಯ? ಮುದುಕಿ ಅಂತಾನಾ? ಆಗಿದೀನಿ. ಸುಮ್ಮನೆ ಆಗಲಿಲ್ಲ, ನೀರು ಕುಡಿದು, ಮಾತ್ರೆ ನುಂಗಿ, ಡಾಕ್ಟರ ಬೈಗುಳ ತಿಂದು ಆಗಿದೀನಿ. ಈಗ ಸೊಸೆ ಜೊತೆ ಜಗಳ ಆಡೋವಷ್ಟು ಶಕ್ತಿ ಇದೆ. ಮೊನ್ನೆ ಮಳೆಯಲ್ಲಿ ನೆನೆದೆ ಅಂತ ಈ ಸಲ ಇಲ್ಲಿ ಬಿದ್ದಿದೀನಿ. ಅವಳೇ ಸೇರಿಸಿದ್ದು. ನನ್ನ ಪೀಡೆ ಎರಡು ದಿನ ತಪ್ಪಲಿ ಅಂತ ಇರಬೇಕು." ಅವಳು ನಕ್ಕಳು. ಆಮೇಲೆ ದನಿ ಇಳಿಸಿದಳು. "ನೋವಿದೆ ತಾಯಿ, ಸುಳ್ಳು ಹೇಳಲ್ಲ. ನೋವು ಬರುತ್ತೆ, ಹೋಗುತ್ತೆ. ಬದುಕು ಅದರ ಜೊತೆಗೇ ನಡೆಯುತ್ತೆ."

ಟೈಲರಮ್ಮ ತಲೆಯಾಡಿಸಿದಳು. ಆದರೆ ಭಯ ಎಂಬುದು ತಲೆಯಾಡಿಸಿದ ಮಾತ್ರಕ್ಕೆ ಹೋಗುವ ನೆಂಟನಲ್ಲ. ಇವಳ ಅದೃಷ್ಟ ಗಟ್ಟಿ ಇತ್ತು, ನನ್ನ ಮಗಳದ್ದು ಹೇಗಿದೆಯೋ ಎಂದುಕೊಂಡಳು.

*

ಚಿಟುಕಿ ಮನೆಗೆ ಬಂದ ಮೇಲೆ ನರ್ಸಕ್ಕ ಒಂದು ಸಂಜೆ ಬಿಡುವು ಮಾಡಿಕೊಂಡು ಬಂದಳು. ಅತ್ತೆ ಕಾಯುತ್ತಲೇ ಇದ್ದರು. ಕಾಫಿ ಲೋಟ ಕೈಗಿಡುವ ಮೊದಲೇ ಮಾತು ಎತ್ತಿದರು.

"ನಮ್ಮ ವಂಶದಲ್ಲಿ ಇಂಥ ಕಾಯಿಲೆ ಯಾರಿಗೂ ಇಲ್ಲ. ಇವಳ ತವರುಮನೆಯದ್ದೇ ಇರಬೇಕು. ಮದುವೆಗೆ ಮೊದಲೇ ನಾನು ಹೇಳಿದ್ದೆ, ಆ ಕಡೆಯವರು ಬಹಳ ಸಣಕಲು ಅಂತ."

ಈ ಮಾತನ್ನು ಟೈಲರಮ್ಮ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು.

ನರ್ಸಕ್ಕ ಮಿಷನ್ನಿನ ಮೇಲಿದ್ದ ಒಂದು ಅಂಗಿಯನ್ನು ಎತ್ತಿಕೊಂಡಳು. "ಅಜ್ಜಿ, ಅಂಗಿಗೆ ಎಷ್ಟು ತೋಳು?"

"ಇದೇನು ಪ್ರಶ್ನೆ? ಎರಡು."

"ಮಗು ಈ ಅಂಗಿ ಇದ್ದ ಹಾಗೆ. ಒಂದು ತೋಳು ಅಮ್ಮ ಕೊಡ್ತಾಳೆ, ಒಂದು ತೋಳು ಅಪ್ಪ ಕೊಡ್ತಾನೆ. ಒಂದು ತೋಳಿನಲ್ಲಿ ಮಾತ್ರ ಈ ಗುಣ ಇದ್ರೆ ಕಾಯಿಲೆ ಬರಲ್ಲ. ಅಂಥವರು ಸಾಮಾನ್ಯವಾಗಿ ಆರಾಮಾಗಿರ್ತಾರೆ, ಅವರಿಗೆ ಗೊತ್ತೂ ಆಗಲ್ಲ. ಎರಡೂ ತೋಳಿನಲ್ಲಿ ಬಂದಾಗ ಮಾತ್ರ ಕಾಯಿಲೆ. ಚಿಟುಕಿಗೆ ಇಬ್ಬರಿಂದಲೂ ಬಂದಿದೆ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಹುಬ್ಬೇರಿಸಿದ. "ನನಗಾ? ನಾನು ಬ್ರೆಡ್ಡಿನ ಟ್ರೇ ಒಂದರ ಮೇಲೊಂದು ಪೇರಿಸಿ ಒಂದೇ ಸಲ ಎತ್ತೋನು!"

"ಎತ್ತಿ. ಯಾರು ಬೇಡ ಅಂದ್ರು? ನಾಳೆ ಅದೇ ಕೈ ಚಾಚಿ ಒಂದು ಹನಿ ರಕ್ತ ಕೊಡಿ, ಗೊತ್ತಾಗುತ್ತೆ."

ಅತ್ತೆ ಬಿಡಲಿಲ್ಲ. "ಹಾಗಾದ್ರೆ ನನ್ನ ಮಗನಿಗೆ ಎಲ್ಲಿಂದ ಬಂತು?"

"ನಿಮ್ಮಿಂದ ಬಂದಿರಬಹುದು, ನಿಮ್ಮ ಯಜಮಾನ್ರಿಂದ ಬಂದಿರಬಹುದು."

"ಅವರದ್ದೇ!" ಅತ್ತೆ ತಕ್ಷಣ ಹೇಳಿದರು. "ಬದುಕಿದ್ದಾಗಲೂ ಒಳ್ಳೇದೇನೂ ಕೊಟ್ಟ ಮನುಷ್ಯ ಅಲ್ಲ."

ಎಲ್ಲರೂ ನಕ್ಕರು. ಚಿಟುಕಿಯೂ ನಕ್ಕಳು. ಟೈಲರಮ್ಮನ ಎದೆಯ ಮೇಲಿನ ಒಂದು ಕಲ್ಲು ಸ್ವಲ್ಪ ಸರಿಯಿತು. ತಪ್ಪು ಯಾರದ್ದೂ ಅಲ್ಲ. ಯಾರೂ ಬೇಕೆಂದು ಕೊಟ್ಟದ್ದಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಅಂಟುವುದೂ ಅಲ್ಲ.

ಆಮೇಲೆ ನರ್ಸಕ್ಕ ಗುಂಡಿಯ ಡಬ್ಬಿ ಕೇಳಿದಳು. ಅಂಗಿಗೆ ಹಾಕುವ ದುಂಡನೆಯ ಗುಂಡಿಗಳನ್ನು ಒಂದು ಸಣ್ಣ ಬಾಟಲಿಯ ಬಾಯಿಯಿಂದ ಕೆಳಗೆ ಸುರಿದಳು. ಅವು ಜಾರಿಕೊಂಡು ಜುಳುಜುಳು ಇಳಿದವು. ಅದೇ ಬಾಟಲಿಗೆ ಬಾಗಿದ ಹುಕ್ಕುಗಳನ್ನು ತುಂಬಿ ಸುರಿದಳು. ಒಂದೆರಡು ಬಿದ್ದವು. ಉಳಿದವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಾಯಲ್ಲೇ ಗಂಟಾಗಿ ನಿಂತವು.

"ನಮ್ಮ ರಕ್ತದ ಕೆಂಪು ಕಣ ಈ ಗುಂಡಿ ಹಾಗೆ. ಚಿಟುಕಿಯ ರಕ್ತದಲ್ಲಿ ಎಷ್ಟೋ ಕಣ ಕುಡುಗೋಲಿನ ಹಾಗೆ ಬಾಗ್ತವೆ, ಈ ಹುಕ್ಕಿನ ಹಾಗೆ. ಸಣ್ಣ ನಾಳದಲ್ಲಿ ಸಿಕ್ಕಿಹಾಕಿಕೊಳ್ತವೆ. ಅಲ್ಲಿಗೆ ರಕ್ತ ಹೋಗಲ್ಲ. ಅದೇ ಆ ನೋವು. ಅವಳು ಸೋಗು ಹಾಕ್ತಿರಲಿಲ್ಲ ಅಜ್ಜಿ."

ಅತ್ತೆ ಬಾಟಲಿಯನ್ನೇ ನೋಡುತ್ತ ಕೂತರು.

"ಚಳಿ ತಗುಲಿದ್ರೆ, ಮೈಮೀರಿ ಆಯಾಸ ಆದ್ರೆ, ಜ್ವರ ಬಂದ್ರೆ, ಮೈಯಲ್ಲಿ ನೀರು ಕಡಿಮೆ ಆದ್ರೆ ಇದು ಜಾಸ್ತಿ ಆಗುತ್ತೆ. ಅದಕ್ಕೇ ನೀರು ಬಹಳ ಮುಖ್ಯ. ಹೌದು, ಇವಳು ದಿನಕ್ಕೆ ಎಷ್ಟು ನೀರು ಕುಡೀತಾಳೆ?"

ಚಿಟುಕಿ ಅಮ್ಮನ ಮುಖ ನೋಡಿದಳು.

"ಸಂಜೆ ಮೇಲೆ... ನಾನೇ ಕೊಡ್ತಿರಲಿಲ್ಲಕ್ಕ. ಹಾಸಿಗೆ ಒದ್ದೆ ಮಾಡ್ತಾಳೆ ಅಂತ."

ನರ್ಸಕ್ಕ ಬೈಯಲಿಲ್ಲ. ಟೈಲರಮ್ಮನ ಕೈ ಹಿಡಿದುಕೊಂಡಳು. "ಹಾಸಿಗೆ ಒದ್ದೆ ಆಗೋದೂ ಈ ಕಾಯಿಲೆಯ ಜೊತೆಗೇ ಬರುತ್ತೆ. ಕಿಡ್ನಿಗೆ ನೀರನ್ನ ಉಳಿಸಿಕೊಳ್ಳೋ ಶಕ್ತಿ ಕಡಿಮೆ ಇರುತ್ತೆ. ಅದು ಮಗುವಿನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ, ನಿಮಗೆ ಹೇಳೋರು ಯಾರಿದ್ರು? ಇನ್ಮೇಲೆ ಕುಡಿಯೋಕೆ ಬಿಡಿ. ಹಾಸಿಗೆ ಒಗೀಬಹುದು, ಒಣಗಿಸಬಹುದು. ಮಲಗೋ ಮುಂಚೆ ಒಂದು ಸಲ ಬಾತ್‌ರೂಮಿಗೆ ಕಳಿಸಿ. ಸ್ಕೂಲಿನ ಟೀಚರಿಗೆ ನಾನು ಹೇಳ್ತೀನಿ, ಬಾಟಲಿ ಹತ್ತಿರ ಇಟ್ಟುಕೊಳ್ಳೋಕೆ ಬಿಡಬೇಕು, ಬಾತ್‌ರೂಮಿಗೆ ಕೇಳಿದಾಗೆಲ್ಲ ಕಳಿಸಬೇಕು."

ಟೈಲರಮ್ಮ ಎದ್ದು ಒಳಗೆ ಹೋದಳು. ಲೈಟು ಹಾಕಿ ಬಹಳ ಹೊತ್ತಾಗಿತ್ತು. ಲೋಟದ ತುಂಬ ನೀರು ತಂದು ಮಗಳ ಕೈಗೆ ಕೊಟ್ಟಳು. ಚಿಟುಕಿ ಅನುಮಾನದಿಂದ ಲೋಟ ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ಗಟಗಟನೆ ಕುಡಿದು ಖಾಲಿ ಲೋಟ ಮುಂದೆ ಚಾಚಿದಳು.

"ಇನ್ನೊಂದು?"

ಟೈಲರಮ್ಮ ಮುಖ ತಿರುಗಿಸಿಕೊಂಡು ಇನ್ನೊಂದು ಲೋಟ ತರಲು ಹೋದಳು.

*

ಅಪ್ಪ ಅಮ್ಮ ಇಬ್ಬರ ರಕ್ತಪರೀಕ್ಷೆಯೂ ನರ್ಸಕ್ಕ ಹೇಳಿದಂತೆಯೇ ಬಂತು. ಅವನಿಗೆ ಒಂದು ತೋಳಿನ ಗುಣ, ಟೈಲರಮ್ಮನಿಗೆ ಒಂದು ತೋಳಿನ ಗುಣ. ಅವನು ಆ ದಿನ ಮನೆಗೆ ಬಂದು ಹೆಂಡತಿಯ ಪಕ್ಕ ಕೂತ. "ಇಷ್ಟು ದಿನ ಎಲ್ಲ ನಿನ್ನ ತಲೆಗೇ ಕಟ್ಟಿದ್ವಿ" ಎಂದ. ಮದುವೆಗೆ ನಿಂತಿದ್ದ ತನ್ನ ತಂಗಿಯನ್ನೂ ಪರೀಕ್ಷೆಗೆ ತಾನೇ ಕರೆದುಕೊಂಡು ಹೋದ. ಹುಡುಗನ ಕಡೆಯವರಿಗೂ ಪರೀಕ್ಷೆ ಮಾಡಿಸಲು ಹೇಳಿ ಎಂದು ಅತ್ತೆಗೆ ಹೇಳಿದಾಗ ಅವರು ಮೊದಲು ಮೂಗು ಮುರಿದರು, ಆಮೇಲೆ ಫೋನು ಕೈಗೆ ತೆಗೆದುಕೊಂಡರು.

ಚಿಟುಕಿಗೆ ದಿನವೂ ಡಾಕ್ಟರು ಬರೆದ ಮಾತ್ರೆ. ಕಬ್ಬಿಣದ ಟಾನಿಕ್ ನಿಂತಿತು. ಬಾಕಿಯಿದ್ದ ಲಸಿಕೆಗಳನ್ನು ಹಾಕಿಸಿದರು. ಸ್ನಾನಕ್ಕೆ ಬೆಚ್ಚನೆಯ ನೀರು, ಚಳಿಯಲ್ಲಿ ಸ್ವೆಟರು. ನೋವು ಪೂರ್ತಿ ಹೋಗಲಿಲ್ಲ, ಆದರೆ ಅಪರೂಪವಾಯಿತು. ಹುಡುಗಿ ಸ್ಕೂಲಿಗೆ ಹೋಗತೊಡಗಿದಳು.

ಹೋಗದೆ ಉಳಿದದ್ದು ಟೈಲರಮ್ಮನ ಭಯ. ಮಗಳು ಕೆಮ್ಮಿದರೆ ಮಿಷನ್ನಿನ ಚಕ್ರ ನಿಲ್ಲುತ್ತಿತ್ತು. ಬೆಳಕಿಗೆ ಕರೆದು ಕಣ್ಣು ಹಳದಿಯಾಗಿದೆಯೇ ನೋಡುತ್ತಿದ್ದಳು. ಮಲಗಿದವಳ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು. ಹೊಲಿಯುತ್ತಿದ್ದ ಕೈಗೆ ಸೂಜಿ ಚುಚ್ಚಿದರೂ ಅರಿವಾಗುತ್ತಿರಲಿಲ್ಲ.

ಅಂಥದ್ದರಲ್ಲಿ ಎದುರುಮನೆಯಾಕೆ ರವಿಕೆಯ ಅಳತೆ ಕೊಡಲು ಬಂದಳು. ಕೈ ಎತ್ತಿ ನಿಂತವಳು ನಾಲಿಗೆ ಸುಮ್ಮನಿಡಬೇಕಲ್ಲ.

"ನಾನು ಕೇಳಿದೆ ಕಣೇ, ಈ ಕಾಯಿಲೆಯ ಮಕ್ಕಳು ಬಹಳ ದಿನ ಇರಲ್ಲವಂತೆ. ನೀನು ಮನಸ್ಸು ಗಟ್ಟಿ ಮಾಡಿಕೋ."

ಅಳತೆಪಟ್ಟಿ ಟೈಲರಮ್ಮನ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳುವಾಗ ಕಂಡಳು. ಮೇಜಿನ ಕೆಳಗೆ ಚಿಟುಕಿ ಗುಂಡಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತ ಕೂತಿದ್ದಳು. ಅವಳ ಕೈ ನಿಂತಿತ್ತು.

"ಹಾಗೇನಿಲ್ಲ" ಎಂದಳು ಟೈಲರಮ್ಮ. ದನಿ ಅವಳ ಕಿವಿಗೇ ಕೇಳಿಸಲಿಲ್ಲ.

ಮಗಳು ಕೇಳಿಸಿಕೊಂಡಳೋ ಇಲ್ಲವೋ? ಕೇಳಿದರೆ ಗೊತ್ತಾಗುತ್ತಿತ್ತು. ಕೇಳುವ ಧೈರ್ಯವಿರಲಿಲ್ಲ. ಮಾತಾಡದಿದ್ದರೆ ಮರೆಯುತ್ತಾಳೆ ಎಂದುಕೊಂಡಳು. ಆ ದಿನದಿಂದ ಚಿಟುಕಿ ಊಟ ಮಾಡುತ್ತಾ ಮಾಡುತ್ತಾ ಅಮ್ಮನ ಮುಖ ನೋಡುವುದು, ಬಾಯಿ ತೆರೆಯುವುದು, ಮತ್ತೆ ತುತ್ತನ್ನೇ ಬಾಯಿಗಿಡುವುದು ನಡೆಯುತ್ತಲೇ ಇತ್ತು. ಟೈಲರಮ್ಮ ಪ್ರತಿ ಸಲವೂ "ಸಾರು ಹಾಕ್ಲಾ?" ಎಂದು ಬೇಗ ಕೇಳಿಬಿಡುತ್ತಿದ್ದಳು.

*

ರಜೆಯ ಕೊನೆಗೆ ಒಂದು ಮಧ್ಯಾಹ್ನ ಟೈಲರಮ್ಮ ಹೊಲಿದ ಬಟ್ಟೆ ಕೊಟ್ಟು ಬರಲು ಮಾರ್ಕೆಟ್ಟಿನ ಕಡೆಗೆ ಹೋಗಿದ್ದಳು. ತಿರುಗಿ ಬಂದಾಗ ಬಾಗಿಲು ಹಾರುಹೊಡೆದಿತ್ತು. ಒಲೆ ಆರಿತ್ತು, ಅಡುಗೆ ಅರ್ಧಕ್ಕೆ ನಿಂತಿತ್ತು. ಹಾಸಿಗೆ ಖಾಲಿ. ಹೊದಿಕೆ ನೆಲದಲ್ಲಿ. ಅತ್ತೆಯ ಒಂದು ಚಪ್ಪಲಿ ಹೊಸಿಲ ಹತ್ತಿರ ಮಗುಚಿ ಬಿದ್ದಿತ್ತು.

"ಚಿಟುಕೀ!"

ಉತ್ತರವಿಲ್ಲ. ಹಿತ್ತಲಿಗೆ ಓಡಿದಳು. ಬಾತ್‌ರೂಮಿನ ಬಾಗಿಲು ತಳ್ಳಿದಳು. ಅಲ್ಲೂ ಯಾರಿಲ್ಲ. ಎದುರುಮನೆಯಾಕೆ ಕಿಟಕಿಯಿಂದ ಕೂಗಿ ಹೇಳಿದಳು. "ಹುಡುಗಿ ಮೈ ಕಾದ ಹೆಂಚಾಗಿತ್ತು ಕಣೇ. ನಿಮ್ಮತ್ತೆ ಎತ್ತಿಕೊಂಡು ಓಡಿದ್ರು. ಸಂಜೆವರೆಗೆ ಕಾಯಿರಿ, ಅವಳು ಬರಲಿ ಅಂತ ನಾನು ಅಂದೆ. ಕಾಯೋದಾದ್ರೆ ನಿನ್ನ ಮನೆ ಬಾಗಿಲು ಕಾಯಿ ಅಂತ ಬೈದು ಹೋದ್ರು!"

ಟೈಲರಮ್ಮ ಆಸ್ಪತ್ರೆಗೆ ಹೇಗೆ ಮುಟ್ಟಿದಳೋ ಅವಳಿಗೇ ನೆನಪಿಲ್ಲ. ದಾರಿಯುದ್ದಕ್ಕೂ ಆ ಖಾಲಿ ಹಾಸಿಗೆಯೇ ಕಣ್ಣ ಮುಂದಿತ್ತು. ಮೆಟ್ಟಿಲು ಹತ್ತುವಾಗ ಮೇಲಿನಿಂದ ಇಳಿದು ಬರುವವರ ಮುಖಗಳನ್ನು ನೋಡಲು ಹೆದರಿದಳು. ಯಾರಾದರೂ ತನ್ನನ್ನು ತಡೆದು ನಿಲ್ಲಿಸಿ ಏನಾದರೂ ಹೇಳಿಬಿಟ್ಟರೆ?

ವಾರ್ಡಿನ ಬಾಗಿಲಲ್ಲೇ ಅತ್ತೆಯ ದನಿ ಕೇಳಿಸಿತು.

"ಸಿಕಲ್ ಸೆಲ್ ಅಂತ ಹೇಳಿದೀನಿ ತಾನೆ? ಈ ಮಕ್ಕಳಿಗೆ ಜ್ವರ ಬಂದ್ರೆ ಕಾಯಿಸಬಾರದು ಅಂತ ನಿಮ್ಮ ನರ್ಸೇ ನನಗೆ ಹೇಳಿರೋದು. ಡಾಕ್ಟರನ್ನ ಕರೀರಿ ಮೊದಲು!"

"ಡಾಕ್ಟರು ನೋಡಿ ಆಯ್ತಲ್ಲ ಅಜ್ಜಿ, ಔಷಧಿ ಹೋಗ್ತಾ ಇದೆಯಲ್ಲ."

"ಇನ್ನೊಂದು ಸಲ ನೋಡ್ಲಿ!"

ಚಿಟುಕಿಯ ಕೈಗೆ ಡ್ರಿಪ್ ಹಾಕಿದ್ದರು. ಕಣ್ಣು ಬಿಟ್ಟುಕೊಂಡೇ ಇದ್ದಳು. ಅತ್ತೆ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ನೀರಿನ ಬಾಟಲಿಯನ್ನು ಎದೆಗವಚಿಕೊಂಡು ಮಂಚದ ಪಕ್ಕ ಕಾವಲು ನಿಂತಿದ್ದರು. ಸೊಸೆಯನ್ನು ಕಂಡಿದ್ದೇ ತಡ, ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಮುದುಕಿ "ಬಂದ್ಯಾ" ಎಂದಷ್ಟೇ ಹೇಳಿ ಮಂಚದ ತುದಿಯಲ್ಲಿ ಕೂತುಬಿಟ್ಟರು.

ರಕ್ತದಲ್ಲಿ ಸೋಂಕು ಹರಡುವ ಮೊದಲೇ ತಂದಿರಿ, ಒಳ್ಳೆಯದಾಯಿತು ಎಂದರು ಡಾಕ್ಟರು. ಚಿಟುಕಿ ಗುಣವಾಗಿ ಮನೆಗೆ ಬಂದಳು.

*

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಜ್ಜಿಯರೇ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಆಗಾಗ ಕೈಕಾಲು ನೋವೆಂದು ಅಳುವ, ಕಣ್ಣು ಹಳದಿಯಾಗುವ, ಬೇಗ ಸುಸ್ತಾಗುವ ಮಗುವಿದ್ದರೆ ಸೋಗು ಎನ್ನಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಕಲ್ ಸೆಲ್ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರಿಗೂ ಮಾಡಿಸಿ, ಮದುವೆಗೆ ನಿಂತವರು ಮೊದಲೇ ಮಾಡಿಸಿಕೊಳ್ಳಿ. ಕಾಯಿಲೆ ಇದೆ ಎಂದು ತಿಳಿದ ಮೇಲೆ ಡಾಕ್ಟರು ಕೊಟ್ಟ ಔಷಧಿಯನ್ನು ನೋವಿಲ್ಲದ ದಿನವೂ ಬಿಡದೆ ಕೊಡಿ, ಅವರನ್ನು ಕೇಳದೆ ಕಬ್ಬಿಣದ ಟಾನಿಕ್ ಕೊಡಬೇಡಿ. ನೀರನ್ನಂತೂ ಎಂದೂ ತಡೆಯಬೇಡಿ. ಜ್ವರ ಬಂದರೆ, ಎದೆ ನೋವು ಅಥವಾ ಉಸಿರಾಟಕ್ಕೆ ಕಷ್ಟವಾದರೆ, ಹೊಟ್ಟೆ ಊದಿಕೊಂಡರೆ, ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡರೆ, ಕೈಯೋ ಕಾಲೋ ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ಸಂಜೆಯವರೆಗೆ ಕಾಯಬೇಡಿ. ಚಪ್ಪಲಿ ಹುಡುಕುತ್ತ ನಿಲ್ಲಬೇಡಿ, ಓಡಿ.

ಇನ್ನೊಂದು ಮಾತು. ಇಂಥ ಮಗುವಿನ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಇರುತ್ತದೆ. ದೊಡ್ಡವರು ಬಾಯಿ ಮುಚ್ಚಿಕೊಂಡಷ್ಟೂ ಅದು ಒಳಗೆ ಬೆಳೆಯುತ್ತದೆ. ಅದಕ್ಕೆ ಉತ್ತರ ಈಗ ನಿಮಗೆ ಗೊತ್ತಿದೆ. ಬೇಗ ಪತ್ತೆ ಮಾಡಿ, ಔಷಧಿ ಬಿಡದೆ, ಎಚ್ಚರ ತಪ್ಪದೆ ನೋಡಿಕೊಂಡರೆ ಈ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಅರ್ಧ ತಲೆ ನರೆತ ಮೇಲೂ ಸೊಸೆಯ ಜೊತೆ ಜಗಳ ಆಡುತ್ತಾರೆ. ಆ ಪ್ರಶ್ನೆ ಬಂದಾಗ ಸಾರು ಬಡಿಸಲು ಹೋಗಬೇಡಿ. ಮಗುವನ್ನು ಹತ್ತಿರ ಕೂರಿಸಿಕೊಂಡು ಉತ್ತರ ಹೇಳಿ.

ಟೈಲರಮ್ಮನ ಮನೆಯಲ್ಲಿ ಆ ಪ್ರಶ್ನೆ ಹೀಗೆ ಬಂತು.

ಸ್ಕೂಲು ಶುರುವಾಗುವ ಹಿಂದಿನ ದಿನ. ಮುಂದಿನ ಕೋಣೆಯ ತುಂಬ ಹೊಲಿದು ಮುಗಿಸಿದ ಯೂನಿಫಾರ್ಮು. ಬೀದಿಯ ಅರ್ಧಕ್ಕರ್ಧ ಮಕ್ಕಳ ಸ್ಕರ್ಟು ಹೊಲಿಯುವವಳು ಟೈಲರಮ್ಮನೇ. ಮಕ್ಕಳು ನೋಡನೋಡುತ್ತ ಬೆಳೆಯುತ್ತಾರೆ, ಒಂದು ಸ್ಕರ್ಟು ಎರಡು ಮೂರು ವರ್ಷ ಬರಬೇಕು. ಆದ್ದರಿಂದ ಕೆಳಗೆ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಿಚಿ ಹೊಲಿಯುತ್ತಾಳೆ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಿಕೊಂಡರಾಯಿತು.

ಎಲ್ಲಕ್ಕಿಂತ ಕೊನೆಗೆ ಹೊಲಿದದ್ದು ಚಿಟುಕಿಯದು. ಆಸ್ಪತ್ರೆಯಿಂದ ಬಂದ ಆ ವಾರ. ಅಂಚನ್ನು ಮಡಿಚಲು ಹೋದಾಗ ಟೈಲರಮ್ಮನ ಬೆರಳು ನಿಂತಿತ್ತು. ಎರಡು ವರ್ಷದ ಮುಂದಿನ ಬಟ್ಟೆಯನ್ನು ಈಗಲೇ ಒಳಗಿಡುವುದು ಅವಳ ಕೈಯಿಂದ ಆಗಲಿಲ್ಲ. ಎಲ್ಲಿ ಕಣ್ಣು ತಗುಲುತ್ತದೋ ಎಂಬ ಅಳುಕು. ಈ ವರ್ಷ ಕಳೆಯಲಿ, ಮುಂದಿನದು ಮುಂದೆ ಎಂದುಕೊಂಡು ಉಳಿದ ಬಟ್ಟೆಯನ್ನು ಕತ್ತರಿಸಿ, ಅಂಚನ್ನು ತೆಳ್ಳಗೆ ಸುತ್ತಿ ಹೊಲಿದುಬಿಟ್ಟಿದ್ದಳು. ಯಾರಿಗೆ ಗೊತ್ತಾಗುತ್ತದೆ?

ಚಿಟುಕಿ ಸ್ಕರ್ಟು ತೊಟ್ಟು ಸ್ಟೂಲಿನ ಮೇಲೆ ನಿಂತಳು. ಅಳತೆ ಸರಿಯಾಗಿತ್ತು. ಅಜ್ಜಿ ದೂರದಿಂದ ನೋಡಿ "ಮಹಾರಾಣಿ" ಎಂದರು. ಚಿಟುಕಿ ನಗಲಿಲ್ಲ. ಹುಟ್ಟಿದಾಗಿನಿಂದ ಮಿಷನ್ನಿನ ಪಕ್ಕ ಬೆಳೆದವಳು. ಬಗ್ಗಿ ತನ್ನ ಸ್ಕರ್ಟಿನ ಅಂಚನ್ನು ಬೆರಳಿನಿಂದ ಸವರಿದಳು. ಒಳಗೂ ಹೊರಗೂ ಸವರಿದಳು. ಸ್ಟೂಲಿನಿಂದ ಇಳಿದು, ಮೇಜಿನ ಮೇಲೆ ಪೇರಿಸಿದ್ದ ಸ್ಕರ್ಟುಗಳಲ್ಲಿ ಒಂದರ ಅಂಚು ತಿರುಗಿಸಿ ನೋಡಿದಳು. ಇನ್ನೊಂದನ್ನು ನೋಡಿದಳು. ಮತ್ತೊಂದು. ಅವಸರವಿಲ್ಲದೆ, ಒಂದೊಂದನ್ನೂ ನೋಡಿ ಮತ್ತೆ ನೀಟಾಗಿ ಮಡಿಚಿಟ್ಟಳು.

ಟೈಲರಮ್ಮ ಬಾಯಿ ತೆರೆದಳು. ಏನಾದರೂ ಹೇಳಿ ಮಾತು ಬದಲಿಸಬಹುದಿತ್ತು. ಊಟ, ನೀರು, ಬ್ಯಾಗು, ಏನಾದರೂ. ಆದರೆ ಈ ಸಲ ಅವಳು ಕತ್ತರಿಯನ್ನು ಕೆಳಗಿಟ್ಟು ನೆಲದ ಮೇಲೆ ಮಗಳ ಎದುರಿಗೆ ಕೂತಳು. ಹತ್ತಿರ ಎಳೆದುಕೊಂಡಳು. ಕಾದಳು.

ಚಿಟುಕಿ ತನ್ನ ಸ್ಕರ್ಟಿನ ಅಂಚನ್ನು ಅಮ್ಮನ ಕೈಯಲ್ಲಿಟ್ಟಳು.

"ಎಲ್ಲರ ಸ್ಕರ್ಟಿಗೂ ಒಳಗೆ ಬಟ್ಟೆ ಬಿಟ್ಟಿದೀಯ. ನನ್ನದಕ್ಕೆ ಮಾತ್ರ ಬಿಟ್ಟಿಲ್ಲ. ಅಮ್ಮಾ, ನಾನು ದೊಡ್ಡೋಳಾಗಲ್ವಾ?"